ಬೀಳಗಿಯ ಗೋಹರ್‌ಬಾಯಿ

ಬದಲಾಪುರದ ನಮ್ಮ ಮರಾಠಿ ನೆರೆಹೊರೆಯವರು ಹೆಮ್ಮೆಪಡುವ ಸಂಗೀತ ನಾಟಕಕ್ಕೆ ಕನ್ನಡ ನೆಲದ ನಂಟಿದೆ. 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಆದರೆ ಶಕುಂತಲೆಯಾಗಿ ಹಾಡಿದವರು ಗಂಡಸರೇ. ಮುಂದೆ ಬಾಲಗಂಧರ್ವರ ಸ್ತ್ರೀಪಾತ್ರ ಮನೆಮಾತಾಯಿತು. ಅವರು ಸೀರೆ ಉಡುವ ಬಗೆಯನ್ನು ಹೆಂಗಸರು ಅನುಕರಿಸಿದರು. ಅಂಥ ದೊಡ್ಡ ಕಂಪನಿಗಳ ರಂಗ ಮಾತ್ರ ಬಹುಕಾಲ ಅವರಿಗೆ ಸಿಗಲಿಲ್ಲ.

1930ರ ದಶಕದ ಕೊನೆಯಲ್ಲಿ ಬಾಲಗಂಧರ್ವರ ಕಂಪನಿಗೆ ಬಂದು ನಾಯಕಿಯಾದವರು ಬೀಳಗಿಯ ಗೋಹರ್‌ಬಾಯಿ ಕರ್ನಾಟಕಿ, ಗಾಯಕಿ ಅಮೀರ್‌ಬಾಯಿಯವರ ಸೋದರಿ. ಬಾಲಗಂಧರ್ವರ ಬಾಳಸಂಗಾತಿಯಾದುದಕ್ಕೆ ನಿಂದೆ ಕೇಳಿದರು. ಅವರು ಕಾಯಿಲೆ ಬಿದ್ದಾಗ ಆರೈಕೆ ಮಾಡಿದರು. 1964ರಲ್ಲಿ ಅವರಿಗಿಂತ ಮೊದಲೇ ತೀರಿಕೊಂಡರು.

ಇಂದು ರಂಗದಲ್ಲಿ ಹಾಡುವ ಹೆಣ್ಣುಮಕ್ಕಳನ್ನು ಕಂಡಾಗ ನನಗೆ ಗೋಹರ್‌ಬಾಯಿ ನೆನಪಾಗುತ್ತಾರೆ. ಚಪ್ಪಾಳೆಯ ಜೊತೆಗೆ ಇವರಿಗೆ ಸರಿಯಾದ ಸಂಭಾವನೆ, ಬಾಣಂತನದ ರಜೆ, ಆರೋಗ್ಯ ವಿಮೆ ಇವೆಯೇ? ನಮ್ಮ ಸಂಘದ ಕಾರ್ಯಕ್ರಮಕ್ಕೆ ಗಾಯಕಿಯನ್ನು ಕರೆಯುವಾಗ ಶಾಲು, ಹಾರಕ್ಕಿಂತ ಮೊದಲು ಸಂಭಾವನೆಯ ಮಾತಾಡೋಣ.