ಒರಿಜಿನಲ್ ಚಾರ್ಜರ್ ಇಲ್ಲದವರ ಚರಿತ್ರೆ

ಫೋನಿನ ಜೊತೆ ಬಂದ ಚಾರ್ಜರನ್ನೇ ಬಳಸಿ, ಬೇರೆಯದು ಅಪಾಯ ಎಂಬ ಎಚ್ಚರಿಕೆ ಕಂಪನಿಗಳ ಕೈಪಿಡಿಗಳಲ್ಲಿ ತಪ್ಪದೆ ಇರುತ್ತಿತ್ತು. ಅದನ್ನು ಅಕ್ಷರಶಃ ಪಾಲಿಸಿದ್ದರೆ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ ತಾಲೂಕಿನ ಕುಣಿಕೋಣೂರದಂಥ ಊರುಗಳಲ್ಲಿ ಎಷ್ಟೋ ಫೋನುಗಳು ಮೂಲೆ ಸೇರುತ್ತಿದ್ದವು. ಇಲ್ಲಿ ಮನೆಮಾತು ಕನ್ನಡ, ಕರೆಂಟ್ ಬಿಲ್ಲು ಮರಾಠಿ, ಚಾರ್ಜರಿನ ಬೆನ್ನ ಮೇಲಿನ ಸಣ್ಣಕ್ಷರ ಇಂಗ್ಲಿಷು. ಕಂಪನಿಯ ಚಾರ್ಜರ್ ಬೇಕೆಂದರೆ ಸಾಂಗಲಿ-ಮಿರಜಕ್ಕೋ ವಿಜಯಪುರಕ್ಕೋ ಒಂದು ದಿನದ ಕೂಲಿ ಬಿಟ್ಟು ಹೋಗಬೇಕು. ಮಳೆ ಕೈಕೊಡುವ ಸೀಮೆಯಾದ್ದರಿಂದ ತಾಲೂಕಿನ ಅನೇಕರು ಕಬ್ಬು ಕಡಿಯಲು ಪಶ್ಚಿಮದ ಸಕ್ಕರೆ ಕಾರ್ಖಾನೆಗಳ ಕಡೆ ಗುಳೆ ಹೋಗುತ್ತಾರೆ. ಅಲ್ಲಿನ ಗುಡಿಸಲುಗಳಲ್ಲಿ ಯಾರ ಚಾರ್ಜರ್ ಯಾರ ಫೋನಿಗೋ. ಇಂಥ ಕಡೆ ಒರಿಜಿನಲ್ ಎಂಬುದು ಯಾವತ್ತೂ ರೂಢಿಯಾಗಿರಲಿಲ್ಲ. ಹಾಗಿದ್ದೂ ಜನ ಬಹುಮಟ್ಟಿಗೆ ಸುರಕ್ಷಿತವಾಗಿ ಉಳಿದದ್ದು ಹೇಗೆ ಎಂದು ಹುಡುಕಿದರೆ, ಕಾಪಾಡಿದ್ದು ಕಂಪನಿಯ ಮುದ್ರೆಯಲ್ಲ, ವೋಲ್ಟೇಜಿನ ಲೆಕ್ಕ ಮತ್ತು ಬ್ಯಾಟರಿಗೆ ಕಾವಲಿದ್ದ ಸರ್ಕ್ಯೂಟ್ ಎಂಬುದು ಕಾಣುತ್ತದೆ.

ಈ ಲೆಕ್ಕ ಮೊಬೈಲಿಗಿಂತ ಹಳೆಯದು. ಟ್ರಾನ್ಸಿಸ್ಟರ್ ರೇಡಿಯೋ ಹಳ್ಳಿಗೆ ಬಂದಾಗ ಅದರ ಹೊಟ್ಟೆಗೆ ಬೇಕಾದದ್ದು ಒಂದೂವರೆ ವೋಲ್ಟಿನ ಸೆಲ್ಲುಗಳು. ನಾಲ್ಕು ಹಾಕಿದರೆ ಆರು ವೋಲ್ಟ್. ಸೆಲ್ಲಿನ ಖರ್ಚು ತಾಳಲಾರದೆ, ಸೋತ ಸೆಲ್ಲುಗಳನ್ನು ಬಿಸಿಲಿಗಿಟ್ಟು ಇನ್ನೆರಡು ದಿನ ದುಡಿಸುತ್ತಿದ್ದ ಕಾಲ ಅದು. ಕರೆಂಟು ಬಂದ ಮನೆಗಳಿಗೆ ಎಲಿಮಿನೇಟರ್ ಬಂತು: ಒಳಗೊಂದು ಟ್ರಾನ್ಸ್‌ಫಾರ್ಮರ್, ಹೊರಗೆ 3, 4.5, 6, 9, 12 ಎಂದು ತಿರುಗಿಸುವ ಗುಂಡಿ, ಕೆಲವದರಲ್ಲಿ ಪ್ಲಸ್-ಮೈನಸ್ ಅದಲುಬದಲು ಮಾಡುವ ಸ್ವಿಚ್ಚು. ಅದು ಯಾವ ರೇಡಿಯೋ ಕಂಪನಿಯದೂ ಅಲ್ಲ, ಆದ್ದರಿಂದ ಎಲ್ಲ ಕಂಪನಿಯದೂ ಹೌದು. ಗುಂಡಿ ತಪ್ಪಿ 12ಕ್ಕೆ ನಿಂತರೆ ಸೆಟ್ಟು ಸುಡುತ್ತಿತ್ತು. ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ನೋಡದೆ ಚುಚ್ಚಿದರೂ ಅದೇ ಗತಿ. ಸಾಲದ್ದಕ್ಕೆ, ಅಗ್ಗದ ಎಲಿಮಿನೇಟರು ಹೊರೆ ಇಲ್ಲದಾಗ ಆರು ಎಂದು ಬರೆದಲ್ಲಿ ಎಂಟೊಂಬತ್ತು ವೋಲ್ಟ್ ಕೊಡುತ್ತಿತ್ತು. ಆಗ ಉಪಕರಣದೊಳಗೆ ಕಾವಲೇ ಇರಲಿಲ್ಲ. ಇದ್ದ ಕಾವಲೆಂದರೆ ಗುಂಡಿ ತಿರುಗಿಸುವವನ ಕಣ್ಣು.

2005ರಲ್ಲಿ ಮಹಾರಾಷ್ಟ್ರದ ವಿದ್ಯುತ್ ಮಂಡಳಿ ಒಡೆದು ಕರೆಂಟು ಹಂಚುವ ಮಹಾವಿತರಣ ಕಂಪನಿ ಹುಟ್ಟಿದ ಹೊತ್ತಿಗೂ, ನೋಕಿಯಾ ಹಳ್ಳಿ ಸೇರಿದ ಹೊತ್ತಿಗೂ ಹೆಚ್ಚು ಅಂತರವಿಲ್ಲ. ಅದೇ ವರ್ಷಗಳಲ್ಲಿ ಮಹಾರಾಷ್ಟ್ರದ ಹಳ್ಳಿಗಳು ದಿನದ ಹಲವು ತಾಸು ಲೋಡ್ ಶೆಡ್ಡಿಂಗಿನಲ್ಲಿ ಕಳೆದವು. ಕರೆಂಟು ಬಂದಾಗ ಕೈಗೆ ಸಿಕ್ಕ ಚಾರ್ಜರಿಗೆ ಫೋನು ಹಚ್ಚುವುದು, ಬಾರದಿದ್ದರೆ ಟ್ರ್ಯಾಕ್ಟರಿನ ಬ್ಯಾಟರಿಗೆ ಕಾರ್ ಚಾರ್ಜರ್ ಜೋಡಿಸುವುದು. ದಪ್ಪ ಪಿನ್ನಿನ ಹಳೆಯ ನೋಕಿಯಾ ಚಾರ್ಜರನ್ನು ಸಣ್ಣ ಪಿನ್ನಿನ ಫೋನಿಗೆ ಕೂಡಿಸುವ ತುಂಡನ್ನು ಕಂಪನಿಯೇ ಮಾಡಿತ್ತು. ಜತ್ ದಾಟಿ ಕರ್ನಾಟಕಕ್ಕೆ ಕಾಲಿಟ್ಟರೆ ಸಿಮ್ಮಿಗೆ ರೋಮಿಂಗ್ ಬೀಳುತ್ತಿತ್ತು. ಚಾರ್ಜರಿಗೆ ಆ ಹಂಗಿರಲಿಲ್ಲ. ಈ ಅದಲುಬದಲು ನಡೆದದ್ದು ಏಕೆಂದರೆ ಬ್ಯಾಟರಿ ತುಂಬುವುದನ್ನು ನಿಯಂತ್ರಿಸುವ ಸರ್ಕ್ಯೂಟ್ ಈಗ ಫೋನಿನ ಒಳಗೇ ಕೂತಿತ್ತು. ಲಿಥಿಯಂ ಬ್ಯಾಟರಿ ಸಾಮಾನ್ಯವಾಗಿ 4.2 ವೋಲ್ಟ್ ದಾಟದಂತೆ ಅದು ತಡೆಯುತ್ತದೆ. ಚಾರ್ಜರ್ ಕರೆಂಟನ್ನು ತುರುಕುವುದಿಲ್ಲ, ಫೋನು ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಎರಡು ಆಂಪಿಯರಿನ ಚಾರ್ಜರಿಗೆ ಅರ್ಧ ಆಂಪಿಯರಿನ ಫೋನು ಹಚ್ಚಿದರೆ ಕೇಡಿಲ್ಲ. ವೋಲ್ಟ್ ಬೇರೆಯಾದರೆ ಕೇಡು. ಕಾವಲನ್ನು ದಾಟಿ ಹೋದದ್ದು ಆ ಕಾಲದ ಇನ್ನೊಂದು ಸಾಮಾನು: ಬ್ಯಾಟರಿ ಕಳಚಿ, ಎರಡು ತಂತಿಮೊನೆಗಳ ನಡುವೆ ಸಿಕ್ಕಿಸುವ, ಬಣ್ಣಬಣ್ಣದ ದೀಪ ಮಿನುಗಿಸುವ ಕ್ಲಿಪ್ ಚಾರ್ಜರು. ಅದಕ್ಕೆ ಹೆದರಬೇಕಿತ್ತು. ಕೈಪಿಡಿಗಳು ಹೆದರಿಸಿದ್ದು ಮಾತ್ರ ಪಕ್ಕದ ಮನೆಯ ಚಾರ್ಜರಿಗೆ.

ನಕಲಿ ಚಾರ್ಜರಿನಿಂದ ಮನೆ ಸುಟ್ಟಿಲ್ಲವೇ, ಜೀವ ಹೋಗಿಲ್ಲವೇ ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. 2013ರಲ್ಲಿ ಚೀನಾದಲ್ಲಿ ಚಾರ್ಜಿಗಿಟ್ಟ ಐಫೋನಿನಿಂದ ಶಾಕ್ ಹೊಡೆದು ಮಹಿಳೆಯೊಬ್ಬರು ಸತ್ತ ಸುದ್ದಿ ಹಬ್ಬಿದ ಮೇಲೆ ಆಪಲ್, ಬೇರೆಯವರ ಚಾರ್ಜರ್ ತಂದುಕೊಟ್ಟರೆ ತನ್ನದನ್ನು ಕಡಿಮೆ ಬೆಲೆಗೆ ಕೊಡುವ ಯೋಜನೆ ಮಾಡಿತು. ಆದರೆ ಅಪಾಯ ಇರುವ ಜಾಗ ಯಾವುದು? ಗೋಡೆಯ 230 ವೋಲ್ಟನ್ನು ಕೇಬಲ್ಲಿನ 5 ವೋಲ್ಟಿನಿಂದ ಬೇರೆ ಇಡುವ ಕೆಲವು ಮಿಲಿಮೀಟರ್ ಅಂತರ ಮತ್ತು ನಿರೋಧಕ ಪಟ್ಟಿ. ಅಗ್ಗದ ನಕಲಿಗಳು ಉಳಿತಾಯ ಮಾಡುವುದು ಅಲ್ಲೇ. ಅದು ಕೆಟ್ಟ ತಯಾರಿಕೆಯ ದೋಷ, ಬೇರೆ ಕಂಪನಿಯದೆಂಬ ದೋಷವಲ್ಲ. 2007ರ ಆಗಸ್ಟಿನಲ್ಲಿ ನೋಕಿಯಾ ತನ್ನದೇ ಹೆಸರಿನ ಬಿಎಲ್-5ಸಿ ಬ್ಯಾಟರಿಗಳಲ್ಲಿ 4.6 ಕೋಟಿ, ಮತ್ಸುಶಿಟಾ ಕಂಪನಿ ತಯಾರಿಸಿದವು, ಚಾರ್ಜ್ ಆಗುವಾಗ ಅತಿಯಾಗಿ ಬಿಸಿಯಾಗಬಹುದೆಂದು ಎಚ್ಚರಿಸಿ ಬದಲಿಸಿಕೊಡಲು ಮುಂದಾಗಿತ್ತಲ್ಲ! ಮುದ್ರೆ ನೋಡುವುದಾದರೆ ನೋಡಬೇಕಾದದ್ದು ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ನೋಂದಣಿಯದು: ಐಎಸ್ 13252 ಎಂಬ ಮಾನಕ, ಕೆಳಗೆ ಆರ್ ಅಕ್ಷರದಿಂದ ಶುರುವಾಗುವ ಸಂಖ್ಯೆ. ಆ ಮುದ್ರೆಯನ್ನೂ ನಕಲು ಮಾಡುವವರಿದ್ದಾರೆ, ನಿಜ. ಹತ್ತೇ ನಿಮಿಷಕ್ಕೆ ಕೈ ಸುಡುವಷ್ಟು ಬಿಸಿಯಾಗುವ, ಮುಟ್ಟಿದರೆ ಜುಮ್ಮೆನ್ನುವ ಚಾರ್ಜರನ್ನು ಕಿತ್ತೆಸೆಯಲು ಮುದ್ರೆ ಓದಬೇಕಾಗಿಯೂ ಇಲ್ಲ.

ಪಿನ್ನುಗಳ ಜಾತಿಭೇದ ಅಳಿದದ್ದು ಕಂಪನಿಗಳ ಔದಾರ್ಯದಿಂದಲ್ಲ. 2006ರ ಕೊನೆಗೆ ಚೀನಾ ಯುಎಸ್‌ಬಿಗೆ ಹೊಂದುವ ಚಾರ್ಜರಿನ ನಿಯಮ ತಂದಿತು, 2009ರಲ್ಲಿ ಯುರೋಪಿನ ಒತ್ತಾಯಕ್ಕೆ ತಯಾರಕರು ಮೈಕ್ರೋ ಯುಎಸ್‌ಬಿಗೆ ಒಪ್ಪಿದರು, 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರುವ ಹೊಸ ಫೋನಿಗೆ ಟೈಪ್-ಸಿ ಕಡ್ಡಾಯವಾಯಿತು. ಅಷ್ಟರೊಳಗೆ, 2020ರ ಐಫೋನಿನಿಂದ ಶುರುವಾಗಿ, ಡಬ್ಬಿಯೊಳಗಿನ ಚಾರ್ಜರೇ ಮಾಯವಾಗತೊಡಗಿತ್ತು. ಒರಿಜಿನಲ್ಲೇ ಬೇಕು ಎನ್ನುತ್ತಿದ್ದವರೇ ಅದನ್ನು ಕೊಡುವುದು ಬಿಟ್ಟರು. ಹಾಗಾದರೆ ಇನ್ನು ಲೆಕ್ಕ ಬೇಡವೇ? ಫೋನಿನ ಮಟ್ಟಿಗೆ ಬಹುಪಾಲು ಬೇಡ: ಟೈಪ್-ಸಿ ಚಾರ್ಜರು ಫೋನು ಕೇಳುವ ತನಕ 5 ವೋಲ್ಟ್ ಬಿಟ್ಟು ಮೇಲೇರುವುದಿಲ್ಲ. ಕೇಬಲ್ಲಿನ ಮಾತು ಬೇರೆ. 2015ರಲ್ಲಿ ಗೂಗಲ್ಲಿನ ಇಂಜಿನಿಯರ್ ಬೆನ್ಸನ್ ಲ್ಯೂಂಗ್ ಒಂದೊಂದಾಗಿ ಪರೀಕ್ಷಿಸಿ, 56 ಕಿಲೋಓಮಿನ ರೆಸಿಸ್ಟರ್ ಇರಬೇಕಾದಲ್ಲಿ ಬೇರೆಯದನ್ನು ಹಾಕಿದ ಕೇಬಲ್ಲುಗಳನ್ನು ಬಯಲಿಗೆಳೆದರು. ಫೋನಿನಾಚೆಗಂತೂ ಲೆಕ್ಕ ಇನ್ನೂ ಬೇಕು: ಜತ್ ಸೀಮೆಯ ದಾಳಿಂಬೆ, ದ್ರಾಕ್ಷಿ ತೋಟಗಳಲ್ಲಿ ಔಷಧ ಸಿಂಪಡಿಸಲು ಬೆನ್ನಿಗೇರುವ ಬ್ಯಾಟರಿ ಪಂಪು ಈ ಒಪ್ಪಂದಗಳ ಹೊರಗೇ ಇದೆ. ಅದರ ದುಂಡು ಪಿನ್ನಿಗೆ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರೂ ಕೂರಬಹುದು, 19 ವೋಲ್ಟಿನ ಲ್ಯಾಪ್‌ಟಾಪಿನದೂ ಕೂರಬಹುದು. ಮೊದಲನೆಯದು 12 ವೋಲ್ಟಿಗೇ ನಿಂತು ಸೀಸದ ಬ್ಯಾಟರಿಯನ್ನು ಪೂರ್ತಿ ತುಂಬುವುದಿಲ್ಲ, ಎರಡನೆಯದು ಕುದಿಸಿಬಿಡುತ್ತದೆ. ಹೊಸ ಪಂಪುಗಳಲ್ಲಿ ಸೀಸದ ಬದಲು ಲಿಥಿಯಂ ಬರುತ್ತಿದೆ, ಅದರ ಲೆಕ್ಕ ಮತ್ತೊಂದು. ಪಂಪಿನ ಚಾರ್ಜರ್ ಕೆಟ್ಟು ಪೇಟೆಗೆ ಬಂದವನನ್ನು ಅಂಗಡಿಯವನು ಕಂಪನಿಯ ಹೆಸರಿಗಿಂತ ಮೊದಲು ಕೇಳಬೇಕಾದದ್ದು, ಒಳಗಿರುವುದು ಯಾವ ಬ್ಯಾಟರಿ ಎಂದು.