ಪ್ರಾದೇಶಿಕ ಅಸಮತೋಲನ: ಸರಾಸರಿ ಹೇಳದ ಸತ್ಯ

ರಾಜ್ಯದ ಸರಾಸರಿ ಪ್ರಗತಿಯು ಅದರ ಎಲ್ಲ ತಾಲ್ಲೂಕುಗಳ ಜನಜೀವನವನ್ನು ತಿಳಿಸುವುದಿಲ್ಲ. ಇದಕ್ಕೆ ಕರ್ನಾಟಕವೇ ನಿದರ್ಶನ.

ಕರ್ನಾಟಕ ಸರ್ಕಾರವು 2000ದಲ್ಲಿ ಡಾ. ಡಿ.ಎಂ. ನಂಜುಂಡಪ್ಪನವರ ಅಧ್ಯಕ್ಷತೆಯಲ್ಲಿ ನೇಮಿಸಿದ ಉನ್ನತಾಧಿಕಾರ ಸಮಿತಿಯು 2002ರಲ್ಲಿ ವರದಿ ಸಲ್ಲಿಸಿತು. ಕೃಷಿ, ಕೈಗಾರಿಕೆ, ಶಿಕ್ಷಣ, ಆರೋಗ್ಯ, ಬ್ಯಾಂಕ್ ಸೌಲಭ್ಯ ಮೊದಲಾದ ಕ್ಷೇತ್ರಗಳ 35 ಸೂಚಕಗಳಿಂದ ಅಂದಿನ 175 ತಾಲ್ಲೂಕುಗಳನ್ನು ಅದು ಅಳೆಯಿತು. ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು, ಅದಕ್ಕಿಂತ ಕೆಳಗಿನ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಗುಲ್ಬರ್ಗಾ ವಿಭಾಗದವು. ಬೆಂಗಳೂರು ವಿಭಾಗದವೂ 11 ಇದ್ದವು. ಪರಿಹಾರವಾಗಿ 8 ವರ್ಷಗಳಿಗೆ 31,000 ಕೋಟಿ ರೂಪಾಯಿಗಳ ಯೋಜನೆಯನ್ನು ಸಮಿತಿ ಶಿಫಾರಸು ಮಾಡಿತು.

ಹಿಮಾಯತ್‌ನಗರದ ಹಲವು ಕನ್ನಡ ಕುಟುಂಬಗಳಿಗೆ ಇದು ತವರಿನ ಸಂಗತಿ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದವು. 2012ರಲ್ಲಿ ಸಂಸತ್ತು ಅಂಗೀಕರಿಸಿದ ಸಂವಿಧಾನದ 98ನೆಯ ತಿದ್ದುಪಡಿಯಿಂದ 371ಜೆ ವಿಧಿ ಸೇರ್ಪಡೆಯಾಗಿ, ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯೂ ಶಿಕ್ಷಣ ಹಾಗೂ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲಾತಿಯೂ ದೊರೆತವು. 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು.

ಇಂದು ರಾಜ್ಯಗಳ ಹೋಲಿಕೆಗೆ ನೀತಿ ಆಯೋಗದ ಸುಸ್ಥಿರ ಅಭಿವೃದ್ಧಿ ಗುರಿಗಳ ಸೂಚ್ಯಂಕವಿದೆ. 2023-24ರಲ್ಲಿ ಅದು ಕರ್ನಾಟಕಕ್ಕೆ 75, ತೆಲಂಗಾಣಕ್ಕೆ 74, ದೇಶಕ್ಕೆ 71 ಅಂಕ ನೀಡಿತು. ಆದರೆ ಈ 75ರೊಳಗೆ ಬೆಂಗಳೂರೂ ಇದೆ, ಯಾದಗಿರಿಯೂ ಇದೆ. ಆದುದರಿಂದ ರಾಜ್ಯದ ಸ್ಥಾನವನ್ನು ಕಂಡು ಸಂತಸಪಡುವಾಗ, ನಮ್ಮ ತಾಲ್ಲೂಕಿನ ಶಾಲೆ, ಆಸ್ಪತ್ರೆ, ಕುಡಿಯುವ ನೀರಿನ ಸ್ಥಿತಿಯನ್ನೂ ವಿಚಾರಿಸುವುದು ಉಚಿತ.