ಓಟದ ಕಾಲ: ಸ್ಪ್ರೆಡ್‌ಶೀಟ್‌ನಲ್ಲಿ ಸೆಕೆಂಡಿನ ಶತಾಂಶ ಉಳಿಸುವ ಬಗೆ

1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನ ಮಹಿಳೆಯರ 400 ಮೀಟರ್ ಹರ್ಡಲ್ಸ್ ಫೈನಲ್‌ನಲ್ಲಿ ರುಮೇನಿಯಾದ ಕ್ರಿಸ್ಟಿಯಾನಾ ಕೊಜೊಕಾರು 55.41 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಕಂಚು ಗೆದ್ದರು. ಭಾರತದ ಪಿ.ಟಿ. ಉಷಾ ಅವರ ಕಾಲ 55.42 ಸೆಕೆಂಡು. ಪದಕ ಕೈತಪ್ಪಿದ್ದು ಸೆಕೆಂಡಿನ ನೂರನೇ ಒಂದು ಭಾಗದಿಂದ. ಇವೇ ಕಾಲಗಳನ್ನು ಎಕ್ಸೆಲ್‌ನಲ್ಲಿ 0:55.41 ಹಾಗೂ 0:55.42 ಎಂದು ನಮೂದಿಸಿದರೆ, ತಂತ್ರಾಂಶದ ಪೂರ್ವನಿಯೋಜಿತ ವಿನ್ಯಾಸದಲ್ಲಿ ಎರಡೂ ಕೋಶಗಳಲ್ಲಿ ಕಾಣುವುದು 00:55.4 ಮಾತ್ರ. ಒಳಗಿನ ಮೌಲ್ಯ ಅಳಿಯುವುದಿಲ್ಲ. ಆದರೆ ಮುದ್ರಿತ ಪಟ್ಟಿಯಲ್ಲಿ ಇಬ್ಬರೂ ಸಮಬಲರಾಗಿ ತೋರುತ್ತಾರೆ. ಕ್ರೀಡಾಕೂಟಗಳ ಫಲಿತಾಂಶವನ್ನು ಕಂಪ್ಯೂಟರ್‌ನಲ್ಲಿ ದಾಖಲಿಸುವವರು ಇದನ್ನು ಗಮನಿಸುವುದು ಅಗತ್ಯ.

ಕಾಲವೆಂದರೆ ದಿನದ ಅಂಶ

ಎಕ್ಸೆಲ್ ಒಂದು ದಿನವನ್ನು 1 ಎಂದು ಪರಿಗಣಿಸುತ್ತದೆ. ಅದರ ಲೆಕ್ಕದಲ್ಲಿ ಒಂದು ಸೆಕೆಂಡು ಎಂದರೆ ದಿನದ 86,400ನೇ ಒಂದು ಭಾಗ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನ 800 ಮೀಟರ್ ಓಟದಲ್ಲಿ ಶ್ರೀರಾಮ್ ಸಿಂಗ್ ಸ್ಥಾಪಿಸಿದ ರಾಷ್ಟ್ರೀಯ ದಾಖಲೆ 1:45.77. ಅದನ್ನು 2018ರಲ್ಲಿ ಮುರಿದ ಜಿನ್ಸನ್ ಜಾನ್ಸನ್ ಅವರ ಕಾಲ 1:45.65. ದಶಮಾಂಶ ಬಿಟ್ಟು ಬರಿದೆ 1:45 ಎಂದು ನಮೂದಿಸಿದರೆ ತಂತ್ರಾಂಶ ಅದನ್ನು ಒಂದು ಗಂಟೆ 45 ನಿಮಿಷವೆಂದು ಓದುತ್ತದೆ. 1.45.77 ಎಂದು ಎರಡು ಚುಕ್ಕಿ ಇಟ್ಟರೆ ಅದು ಸಂಖ್ಯೆಯಾಗದೆ ಬರೀ ಪಠ್ಯವಾಗಿ ಉಳಿಯುತ್ತದೆ. ಪಠ್ಯವಾಗಿ ಉಳಿದ ಕಾಲಗಳನ್ನು ಕ್ರಮವಾಗಿ ಜೋಡಿಸಿದರೆ 10.02 ಸೆಕೆಂಡು ಮೊದಲು ಬಂದು, 9.98 ಸೆಕೆಂಡು ಹಿಂದೆ ಬೀಳುತ್ತದೆ.

ಇದಕ್ಕೆ ಸರಳ ಪರಿಹಾರವಿದೆ. ನಿಮಿಷಕ್ಕೊಂದು, ಸೆಕೆಂಡಿಗೊಂದು ಕಾಲಂ ಮೀಸಲಿಟ್ಟು, ನಿಮಿಷವನ್ನು 60ರಿಂದ ಗುಣಿಸಿ ಸೆಕೆಂಡುಗಳಿಗೆ ಕೂಡಿಸಬೇಕು. ಶ್ರೀರಾಮ್ ಸಿಂಗ್ ಅವರ ಕಾಲ ಆಗ 105.77 ಸೆಕೆಂಡು ಎಂಬ ಸಾಮಾನ್ಯ ಸಂಖ್ಯೆಯಾಗುತ್ತದೆ. ಎರಡು ದಶಮಾಂಶ ಸ್ಥಾನಗಳ ವಿನ್ಯಾಸ ನೀಡಿದರೆ ಹೋಲಿಕೆ, ವ್ಯತ್ಯಾಸ, ಸರಾಸರಿಗಳೆಲ್ಲವೂ ಸುಲಭ.

ಸಮೀಪದ ಅಂಕಿಯಲ್ಲ, ಮೇಲಿನ ಅಂಕಿ

ಲೆಕ್ಕಪತ್ರದ ರೂಢಿಯಂತೆ ಸಮೀಪದ ಅಂಕಿಗೆ ಪೂರ್ಣಗೊಳಿಸುವ ಪದ್ಧತಿ ಓಟಕ್ಕೆ ಅನ್ವಯಿಸುವುದಿಲ್ಲ. ವಿಶ್ವ ಅಥ್ಲೆಟಿಕ್ಸ್ ನಿಯಮದಂತೆ ಟ್ರ್ಯಾಕ್ ಓಟದ ಸ್ಟಾಪ್‌ವಾಚ್ ಕಾಲವನ್ನು ಮುಂದಿನ ದಶಾಂಶಕ್ಕೆ ಏರಿಸಬೇಕು, 10.11 ಸೆಕೆಂಡು 10.2 ಆಗುತ್ತದೆ. ಫೋಟೋ ಫಿನಿಶ್ ಕಾಲವನ್ನು 10,000 ಮೀಟರ್‌ವರೆಗಿನ ಓಟಗಳಲ್ಲಿ ಮುಂದಿನ ಶತಾಂಶಕ್ಕೆ ಏರಿಸಲಾಗುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ 100 ಮೀಟರ್ ಫೈನಲ್‌ನಲ್ಲಿ ನೋವಾ ಲೈಲ್ಸ್ 9.784, ಕಿಶೇನ್ ಥಾಂಪ್ಸನ್ 9.789 ಸೆಕೆಂಡು ತೆಗೆದುಕೊಂಡರು. ಅಧಿಕೃತವಾಗಿ ಇಬ್ಬರ ಕಾಲವೂ 9.79. ಎಕ್ಸೆಲ್‌ನ 'ರೌಂಡ್' ಸೂತ್ರ ಬಳಸಿದರೆ ಲೈಲ್ಸ್ ಕಾಲ 9.78 ಎಂದು ತಪ್ಪಾಗಿ ದಾಖಲಾಗುತ್ತದೆ. 'ರೌಂಡ್‌ಅಪ್' ಸೂತ್ರವೇ ಇಲ್ಲಿ ಸೂಕ್ತ. ಸ್ಥಾನ ನಿರ್ಣಯಕ್ಕೆ ನೆರವಾಗುವ ಸಹಸ್ರಾಂಶವನ್ನು ಪ್ರತ್ಯೇಕ ಕಾಲಂನಲ್ಲಿ ಉಳಿಸಿಕೊಳ್ಳಬೇಕು.

ಅಳತೆಯ ವಿಧಾನವೂ ದಾಖಲಾಗಲಿ

ಸ್ಟಾಪ್‌ವಾಚ್ ಹಿಡಿದವರು ಪಿಸ್ತೂಲಿನ ಸದ್ದಿಗೆ ಕಾಯದೆ ಹೊಗೆ ಅಥವಾ ಮಿಂಚು ಕಂಡೊಡನೆ ಗುಂಡಿ ಒತ್ತಬೇಕು; 100 ಮೀಟರ್ ದೂರ ತಲುಪಲು ಸದ್ದಿಗೆ ಸುಮಾರು 0.3 ಸೆಕೆಂಡು ಬೇಕು. ಕೈಯಿಂದ ಅಳೆದ ಕಾಲದ ಈ ಮಿತಿಗಳಿಂದಾಗಿ, 1977ರಿಂದ 400 ಮೀಟರ್‌ವರೆಗಿನ ಓಟಗಳ ವಿಶ್ವ ದಾಖಲೆಗೆ ಪೂರ್ಣ ಸ್ವಯಂಚಾಲಿತ ವಿದ್ಯುನ್ಮಾನ ಕಾಲ ಕಡ್ಡಾಯವಾಗಿದೆ. ಸ್ಟಾಪ್‌ವಾಚ್‌ನ 11.2ನ್ನು 11.20 ಎಂದು ಬರೆದರೆ ಅದು ವಿದ್ಯುನ್ಮಾನ ಕಾಲವೆಂಬ ಭ್ರಮೆ ಮೂಡುತ್ತದೆ. ಆದ್ದರಿಂದ 'ಕೈ' ಅಥವಾ 'ವಿದ್ಯುನ್ಮಾನ' ಎಂದು ನಮೂದಿಸುವ ಕಾಲಂ ಇರಲೇಬೇಕು. 100 ಮತ್ತು 200 ಮೀಟರ್ ಓಟಗಳಿಗೆ ಗಾಳಿಯ ವೇಗವೂ ಬೇಕು. ಓಟದ ದಿಕ್ಕಿನ ಗಾಳಿ ಸೆಕೆಂಡಿಗೆ 2.0 ಮೀಟರ್ ಮೀರಿದರೆ ಆ ಕಾಲ ದಾಖಲೆಯಾಗಿ ಮಾನ್ಯವಾಗದು.

ದಿನಾಂಕ, ಸ್ಥಳ, ಸ್ಪರ್ಧೆ, ವಿಧಾನ ಹಾಗೂ ಗಾಳಿಯ ವಿವರಗಳೊಂದಿಗೆ ಉಳಿದ ಕಾಲವನ್ನು ವರ್ಷಗಳ ನಂತರವೂ ಪರಿಶೀಲಿಸಬಹುದು. ಆಯ್ಕೆ ಪಟ್ಟಿಯಲ್ಲಿ ಸ್ಥಾನ ಪಡೆಯುವ ಅಥವಾ ಕಳೆದುಕೊಳ್ಳುವ ಓಟಗಾರರಿಗೆ ಈ ಕಾಲಂಗಳೇ ಸಾಕ್ಷಿ.